ನಾಲಿಗೆಗೆ ಕೆಲಸವಿಲ್ಲದ ಹಸು

(ಹಾಸನದಲ್ಲಿ ಹೈನುಗಾರರು ಮತ್ತು ವಿದ್ಯಾರ್ಥಿಗಳ ಮುಂದೆ ನಿವೃತ್ತ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಆನೆ ನೋಡಿದ್ದೀರಿ ಅಲ್ವಾ? ಕಾಲಿಗೆ ಸರಪಳಿ, ಹಣೆಗೆ ಬಣ್ಣ. ನಿಂತಲ್ಲೇ ತಲೆಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗುತ್ತಿರುತ್ತದೆ. ಒಂದು ಮುಂಗಾಲನ್ನು ಎತ್ತುತ್ತದೆ, ಇಡುತ್ತದೆ. ಮಕ್ಕಳು ‘ಆನೆ ಕುಣೀತಿದೆ’ ಎಂದು ಚಪ್ಪಾಳೆ ತಟ್ಟುತ್ತಾರೆ. ಚಿಕ್ಕಂದಿನಲ್ಲಿ ನಾನೂ ತಟ್ಟಿದ್ದೇನೆ. ಮುಂದಿನ ಸಲ ಒಂದು ಕೆಲಸ ಮಾಡಿ. ವಾಲಗ ನಿಲ್ಲುವ ತನಕ ಕಾಯಿರಿ. ಜನ ಎಲ್ಲ ಊಟಕ್ಕೆ ಹೋಗಲಿ. ಆಗಲೂ ಆ ತಲೆ ಹಾಗೇ ತೂಗುತ್ತಿದ್ದರೆ, ಅದೇ ಅಗಲ, ಅದೇ ವೇಗ, ಅದು ಕುಣಿತ ಅಲ್ಲ.

ಇಂಥ ನಡವಳಿಕೆಗೆ ಪುಸ್ತಕದಲ್ಲಿ ಸ್ಟೀರಿಯೋಟೈಪಿ ಎನ್ನುತ್ತಾರೆ. ಜಾರ್ಜಿಯಾ ಮೇಸನ್ ಎಂಬ ವಿಜ್ಞಾನಿ 1991ರಲ್ಲಿ ಅದರ ಗುರುತುಗಳನ್ನು ಹೇಳಿದರು. ಮಾಡಿದ್ದನ್ನೇ ಮಾಡುವುದು, ಪ್ರತಿ ಸಲವೂ ಒಂದೇ ತರ ಮಾಡುವುದು, ಮಾಡಿದ್ದರಿಂದ ಕಣ್ಣಿಗೆ ಕಾಣುವ ಪ್ರಯೋಜನ ಏನೂ ಇಲ್ಲದಿರುವುದು. ನಮ್ಮ ಕಡೆ ಇದಕ್ಕೆ ಚಾಳಿ ಎನ್ನುತ್ತೇವೆ. ‘ಈ ಹಸುಗೆ ಒಂದು ಕೆಟ್ಟ ಚಾಳಿ ಇದೆ ಡಾಕ್ಟ್ರೇ’ ಎನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಚಾಳಿ ಎನ್ನಿ, ತೊಂದರೆಯಿಲ್ಲ. ಆದರೆ ಆ ‘ಕೆಟ್ಟ’ ಎನ್ನುವ ಪದವನ್ನು ಹಸುವಿನ ಮೇಲಿಂದ ತೆಗೆದು ಗೂಟದ ಮೇಲೆ ಹಾಕಬೇಕು. ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

ಆನೆ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಲ್ಲಿ ಕೂತಿರುವ ಯಾರ ಮನೆಯಲ್ಲೂ ಆನೆ ಇಲ್ಲ, ಹಸು ಇದೆ.

ನಾನು ಕೆಲಸಕ್ಕೆ ಸೇರಿದ ಹೊಸದು. ಆಲೂರು ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಎಚ್‌ಎಫ್ ಕ್ರಾಸ್ ಹಸು, ಅಂದರೆ ಹೊರದೇಶದ ಹಾಲಿನ ತಳಿಯ ಮಿಶ್ರತಳಿ, ಎರಡನೇ ಸೂಲು, ಹಾಲಿಗೆ ಏನೂ ಮೋಸವಿಲ್ಲ. ಮನೆಯವರ ದೂರು ಒಂದೇ, ನಾಲಿಗೆ ಆಡಿಸುತ್ತದೆ. ಕೊಟ್ಟಿಗೆಯಲ್ಲಿ ನಿಂತು ನೋಡಿದೆ. ಬಾಯಿ ಅರ್ಧ ತೆರೆದು ನಾಲಿಗೆಯನ್ನು ಪೂರ್ತಿ ಹೊರಗೆ ಚಾಚುತ್ತದೆ. ಮೇಲಕ್ಕೆ ಸುರುಳಿ ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಚಾಚುತ್ತದೆ. ಬಾಯಂಚಿನಲ್ಲಿ ನೊರೆ. ಕಣ್ಣು ಎದುರಿನ ಗೋಡೆಯ ಕಡೆ ಇದೆ, ಆದರೆ ಗೋಡೆಯನ್ನು ನೋಡುತ್ತಿಲ್ಲ. ಮುಖದ ಮುಂದೆ ಕೈ ಆಡಿಸಿದೆ. ಕಿವಿ ಅಲುಗಿತು, ನಾಲಿಗೆ ನಿಲ್ಲಲಿಲ್ಲ.

ಜಂತುಹುಳದ ಔಷಧಿ ಕುಡಿಸಿದೆ. ಖನಿಜ ಮಿಶ್ರಣ ಬರೆದುಕೊಟ್ಟೆ. ತಿಂಗಳು ಬಿಟ್ಟು ಹೋದರೆ ಹಾಗೇ ಇದೆ. ಟಾನಿಕ್ ಬರೆದೆ. ಆಗ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಜ್ಜಿ ತಲೆ ಎತ್ತದೆ ಹೇಳಿದರು. “ಹೊಲಕ್ ಬಿಟ್ ದಿನ ಹಿಂಗಾಡಲ್ಲ ಕಣಪ್ಪ ಅದು. ಕಟ್ಟಾಕಿದ್ರೆ ಮಾತ್ರ.”

“ಯಾವಾಗ ಬಿಡ್ತೀರ ಅಜ್ಜಿ?” ಎಂದೆ.

“ಎಲ್ ಬಿಡ್ತಾರೆ? ಹಾಲು ಕಮ್ಮಿ ಆಯ್ತದೆ ಅಂತ ಮಗ ಬಿಡಕ್ಕಿಲ್ಲ. ರಾಗಿ ಕುಯ್ದಾಗ ನಾಕ್ ದಿನ ಕೂಳೆ ಮೇಯಾಕೆ ಬಿಟ್ಟಿದ್ವಿ. ಆಗ ನಾಲ್ಗೆ ಬಾಯೊಳಗೇ ಇತ್ತು.”

ನಾನು ಬಾಯಿ ನೋಡಿದ್ದೆ, ಸಗಣಿ ನೋಡಿದ್ದೆ, ಜ್ವರ ನೋಡಿದ್ದೆ. ಹಗ್ಗ ಎಷ್ಟುದ್ದ ಇದೆ ಎಂದು ನೋಡಿರಲಿಲ್ಲ. ಎದ್ದು ಹೋಗಿ ಅಳೆದೆ. ಎರಡು ಮೊಳ ಇತ್ತು.

ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಹಾಗಾಗಿ ಅದರ ಕುಡುಗೋಲು ಎಂದರೆ ನಾಲಿಗೆ. ಒಂದು ಹಿಡಿ ಹುಲ್ಲಿಗೆ ನಾಲಿಗೆ ಸುತ್ತಿ ಒಳಗೆ ಎಳೆದು, ಕೆಳಹಲ್ಲಿಗೂ ವಸಡಿಗೂ ನಡುವೆ ಒತ್ತಿ ಹಿಡಿದು, ತಲೆ ಜಗ್ಗಿ ಕೀಳುತ್ತದೆ. ಸಂಜೆ ಕೆರೆ ಬಯಲಲ್ಲಿ ಹಸುವಿನ ಪಕ್ಕ ಕೂತರೆ ಆ ‘ಚರ್ರ್’ ಎನ್ನುವ ಸದ್ದು ಕೇಳುತ್ತದೆ. ನಿಮಿಷಕ್ಕೆ 30ರಿಂದ 60 ಸಲ ಹಾಗೆ ಕೀಳುತ್ತದೆ. ದಿನಕ್ಕೆ ಸುಮಾರು 8 ಗಂಟೆ ಮೇಯುತ್ತದೆ. ಕಡಿಮೆ ಲೆಕ್ಕ ಹಾಕಿದರೂ ಒಂದು ದಿನಕ್ಕೆ 14 ಸಾವಿರ ಸಲ ನಾಲಿಗೆ ಚಾಚಿ, ಸುತ್ತಿ, ಎಳೆಯಬೇಕು. ಸಾವಿರಾರು ವರ್ಷಗಳಿಂದ ಅದರ ಮೈ ಈ ಕೆಲಸಕ್ಕೆ ಪಳಗಿದೆ.

ಈಗ ನಮ್ಮ ಕೊಟ್ಟಿಗೆ ನೋಡಿ. ಮೆಷಿನ್‌ನಲ್ಲಿ ಚೂರು ಮಾಡಿದ ಜೋಳದ ಕಡ್ಡಿ ಗೋದಲಿಯಲ್ಲಿ ಬೀಳುತ್ತದೆ. ಬೂಸಾ, ಹಿಂಡಿ ನೀರಲ್ಲಿ ಕಲಸಿ ಬಕೆಟ್‌ನಲ್ಲಿ ಇಡುತ್ತೇವೆ. ಬಕೆಟ್ ಐದು ನಿಮಿಷಕ್ಕೆ ಖಾಲಿ. ಹೊಟ್ಟೆಗೆ ಬೇಕಾದ್ದು ಹೋಯಿತು, ನಾಲಿಗೆಯ ಕೆಲಸ ಬಾಕಿ ಉಳಿಯಿತು. ಆ ಹಸು ಹುಲ್ಲಿಲ್ಲದ ಗಾಳಿಯಲ್ಲಿ ಮೇಯುತ್ತಿತ್ತು. ನಾನು ಅದಕ್ಕೆ ಟಾನಿಕ್ ಬರೆಯುತ್ತಿದ್ದೆ.

ಕರುಗಳದ್ದೂ ಇದೇ ಕತೆ. ತಾಯಿ ಕೆಚ್ಚಲಲ್ಲಿ ಕುಡಿಯುವ ಕರು ಹಾಯುತ್ತಾ, ಗುದ್ದುತ್ತಾ, ಮೊಲೆಯಿಂದ ಮೊಲೆಗೆ ಹೋಗುತ್ತಾ ನಿಧಾನಕ್ಕೆ ಕುಡಿಯುತ್ತದೆ. ಬಕೆಟ್‌ನಲ್ಲಿ ಹಾಲಿಟ್ಟರೆ ಒಂದೆರಡು ನಿಮಿಷಕ್ಕೆ ಮುಗಿಸುತ್ತದೆ. ಹಾಲಿನ ರುಚಿ ನಾಲಿಗೆಗೆ ತಾಗಿದ ಕೂಡಲೇ ಚೀಪುವ ಆಸೆ ಏಳುತ್ತದೆ, ಹಾಲು ಮುಗಿದರೂ ಅದು ಹತ್ತು ನಿಮಿಷ ಇಳಿಯುವುದಿಲ್ಲ. ಆಗ ಪಕ್ಕದ ಕರುವಿನ ಕಿವಿ, ಹೊಕ್ಕುಳು, ಕೆಚ್ಚಲ ಜಾಗ, ಏನು ಸಿಕ್ಕಿದರೆ ಅದನ್ನು ಚೀಪುತ್ತದೆ. ಹೊಕ್ಕುಳಿಗೆ ಸೋಂಕು ಆಗುತ್ತದೆ. ಕೆಲವು ದೊಡ್ಡವಾದ ಮೇಲೂ ಬೇರೆ ಹಸುವಿನ ಹಾಲು ಕುಡಿಯುತ್ತವೆ. ಅದಕ್ಕೆ ಮೂತಿಗೆ ಮುಳ್ಳಿನ ಪಟ್ಟಿ ಕಟ್ಟುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ನಿಪ್ಪಲ್ ಇರುವ ಬಕೆಟ್‌ನಲ್ಲಿ ಕುಡಿಸಿ. ಕುಡಿದ ಮೇಲೆ ಹಾಲಿಲ್ಲದ ಬರೀ ನಿಪ್ಪಲ್ ಹತ್ತು ಹದಿನೈದು ನಿಮಿಷ ಚೀಪಲು ಬಿಡಿ. ಇದು ಸುಮ್ನೆ ಸಮಾಧಾನ ಮಾಡುವ ಉಪಾಯವಲ್ಲ. ಬರೀ ನಿಪ್ಪಲ್ ಚೀಪಿದ ಕರುಗಳ ರಕ್ತದಲ್ಲಿ ಜೀರ್ಣಕ್ಕೆ ಬೇಕಾದ ಹಾರ್ಮೋನುಗಳು ಜಾಸ್ತಿಯಾಗುವುದನ್ನು 1993ರಲ್ಲೇ ಅಳೆದು ತೋರಿಸಿದ್ದಾರೆ. ಚೀಪುವುದೂ ಊಟದ ಒಂದು ಭಾಗವೇ. ನಮ್ಮ ಹಿರಿಯರು ಕರು ಬಿಟ್ಟು ಸೊರ ಬಿಡಿಸಿ, ಕರೆದು, ಕೊನೆಗೆ ಮತ್ತೆ ಕರುವಿಗೆ ಬಿಡುತ್ತಿದ್ದರು. ಕರುವಿಗೆ ಹಾಲೂ ಸಿಗುತ್ತಿತ್ತು, ಚೀಪುವ ಹೊತ್ತೂ ಸಿಗುತ್ತಿತ್ತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ವಿಚಿತ್ರವಾಗಿ ಆಡುವುದೆಲ್ಲ ಈ ಚಾಳಿಯಲ್ಲ. ಗೋಡೆ ನೆಕ್ಕುವುದು, ಬಟ್ಟೆ ತಿನ್ನುವುದು, ಮೂಳೆ ಕಡಿಯುವುದು ರಂಜಕದ ಅಥವಾ ಉಪ್ಪಿನ ಕೊರತೆ ಇರಬಹುದು. ಕರು ಹಾಕಿ ಮೂರು ನಾಲ್ಕು ವಾರದ ಹಸು ಇದ್ದಕ್ಕಿದ್ದಂತೆ ತನ್ನ ಮೈಯನ್ನೋ ಗೂಟವನ್ನೋ ಬಿಡದೆ ನೆಕ್ಕಿದರೆ ಕೀಟೋಸಿಸ್, ಅಂದರೆ ಮೈಗೆ ಶಕ್ತಿ ಸಾಲದೆ ಕೊಬ್ಬು ಕರಗಿ ಬರುವ ಕಾಯಿಲೆ, ಇದೆಯಾ ನೋಡಿ. ನಾಯಿ ಒಂದೇ ಪಕ್ಕಕ್ಕೆ ತಲೆ ವಾಲಿಸಿ ಸುತ್ತಿದರೆ ಕಿವಿ ನೋಡಿ. ದನ ಕಾರಣವಿಲ್ಲದೆ ಅರಚುತ್ತಾ ಜೊಲ್ಲು ಸುರಿಸಿದರೆ ಬಾಯಿಗೆ ಕೈ ಹಾಕಬೇಡಿ, ರೇಬಿಸ್ ಇರಬಹುದು. ಮೊದಲು ರೋಗ ಇಲ್ಲ ಎಂದು ಖಚಿತ ಮಾಡಿಕೊಳ್ಳಿ, ಆಮೇಲೆ ಹಗ್ಗ ಅಳೆಯಿರಿ.

ಅಜ್ಜಂಪುರದ ಅಮೃತಮಹಲ್ ತಳಿಯ ದನಗಳನ್ನು ಕಾವಲಿನ ಹುಲ್ಲುಗಾವಲಿನಲ್ಲಿ ನೋಡಿದವರು ಕೆಲವರಾದರೂ ಇಲ್ಲಿದ್ದೀರಿ. ಹೊಸಬರನ್ನು ಕಂಡರೆ ತಲೆ ಎತ್ತಿ ತಿರುಗಿ ನಿಲ್ಲುತ್ತವೆ. ಹತ್ತಿರ ಹೋದರೆ ನುಗ್ಗುತ್ತವೆ. ಜನ ಅವನ್ನು ಪುಂಡು ದನ ಎನ್ನುತ್ತಾರೆ. ಅದರಲ್ಲಿ ಅಸಹಜ ಏನೂ ಇಲ್ಲ. ಬಯಲಲ್ಲಿ ಬೆಳೆದ ದನ ಹಾಗೇ ಇರುವುದು. ಆನೆಗೆ ಮದ ಬಂದರೂ ಅಷ್ಟೇ. ಕಣ್ಣಿನ ಪಕ್ಕ ಸ್ರಾವ ಸುರಿಯುತ್ತದೆ, ಸಿಟ್ಟು ಬರುತ್ತದೆ, ಮಾವುತನ ಮಾತೂ ಕೇಳುವುದಿಲ್ಲ. ಅದು ಗಂಡಾನೆಯ ಮೈಯ ಸಹಜ ಧರ್ಮ. ನಮಗೆ ತೊಂದರೆ ಕೊಡುವ ಪ್ರಾಣಿಯನ್ನು ಹುಚ್ಚು ಎನ್ನುತ್ತೇವೆ. ನಮಗೆ ಏನೂ ತೊಂದರೆ ಕೊಡದೆ ಮೂಲೆಯಲ್ಲಿ ತಲೆ ತೂಗುತ್ತಾ ನಿಂತದ್ದನ್ನು ಪಾಪದ್ದು, ಸಾಧು ಎನ್ನುತ್ತೇವೆ. ಇದು ಪೂರ್ತಿ ತಲೆಕೆಳಗು.

ಬಹಳ ಜನ ‘ಜಾಗ ಕಮ್ಮಿ ಆಗಿದ್ದಕ್ಕೆ ಹೀಗೆ’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ಜಾಗ ಮುಖ್ಯ, ಆದರೆ ಅಷ್ಟೇ ಅಲ್ಲ. ಜರ್ಬಿಲ್ ಎನ್ನುವ ಮರುಭೂಮಿಯ ಇಲಿಯೊಂದಿದೆ. ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಇಟ್ಟರೆ ಮೂಲೆಯನ್ನು ಗಂಟೆಗಟ್ಟಲೆ ಕೆರೆಯುತ್ತದೆ. ತೋಡಲು ಮಣ್ಣಿಲ್ಲ, ಅದಕ್ಕೇ ಎಂದು ಯಾರಿಗಾದರೂ ಅನಿಸುತ್ತದೆ. ವೀಡನ್‌ಮೇಯರ್ ಎಂಬುವರು 1997ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕೆಲವು ಮರಿಗಳಿಗೆ ತೋಡುವುದಕ್ಕೆ ಒಣ ಮರಳು ಕೊಟ್ಟರು. ಅವು ಮರಳನ್ನೂ ತೋಡಿದವು, ಮೂಲೆಯನ್ನೂ ಕೆರೆದವು. ಇನ್ನು ಕೆಲವಕ್ಕೆ ತೋಡುವಂಥದ್ದು ಏನೂ ಕೊಡದೆ, ಸುರಂಗದ ಮೂಲಕ ಹೋಗುವ ಸಿದ್ಧ ಬಿಲ ಕೊಟ್ಟರು. ಅವುಗಳಲ್ಲಿ ಈ ಚಾಳಿ ಬೆಳೆಯಲಿಲ್ಲ. ಅಂದರೆ ಇಲಿಗೆ ಬೇಕಿದ್ದದ್ದು ಅಗೆತವಲ್ಲ, ಅವಿತುಕೊಳ್ಳುವ ಕತ್ತಲೆ. ನನಗೆ ಈ ಪ್ರಯೋಗ ಬಹಳ ಇಷ್ಟ. ಪ್ರಾಣಿ ಏನು ಮಾಡುತ್ತಿದೆ ಎಂದು ನೋಡಿದರೆ ಸಾಲದು, ಅದನ್ನು ಮಾಡಿ ಎಲ್ಲಿಗೆ ತಲುಪಬೇಕೆಂದಿತ್ತು ಎಂದು ಕೇಳಬೇಕು.

ಜಾಗದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ರಾಸ್ ಕ್ಲಬ್ ಮತ್ತು ಮೇಸನ್ 2003ರಲ್ಲಿ ಬೇರೆ ಬೇರೆ ಮಾಂಸಾಹಾರಿ ಪ್ರಾಣಿಗಳನ್ನು ಹೋಲಿಸಿದರು. ಕಾಡಿನಲ್ಲಿ ಹೆಚ್ಚು ದೂರ ಓಡಾಡುವ ಜಾತಿಗಳೇ ಮೃಗಾಲಯದಲ್ಲಿ ಹೆಚ್ಚು ಶತಪಥ ಹಾಕುತ್ತವೆ ಎಂದು ಗೊತ್ತಾಯಿತು. ಅವುಗಳ ಮರಿಗಳೂ ಹೆಚ್ಚು ಸಾಯುತ್ತವೆ. ಹಿಮಕರಡಿಗೆ ಮೃಗಾಲಯ ಕೊಡುವ ಜಾಗ ಅದು ಹಿಮದ ನಾಡಿನಲ್ಲಿ ಓಡಾಡುವ ಕನಿಷ್ಠ ಪ್ರದೇಶದ ಹತ್ತು ಲಕ್ಷದಲ್ಲಿ ಒಂದು ಪಾಲು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ಗಸ್ ಎಂಬ ಹಿಮಕರಡಿ ಇತ್ತು. ಕೊಳದಲ್ಲಿ ಒಂದೇ ಸುತ್ತನ್ನು ಗಂಟೆಗಟ್ಟಲೆ ಈಜುತ್ತಿತ್ತು. 1994ರಲ್ಲಿ ಅದು ಪೇಪರುಗಳಲ್ಲಿ ದೊಡ್ಡ ಸುದ್ದಿ. ಪ್ರಾಣಿ ನಡವಳಿಕೆ ಬಲ್ಲವರನ್ನು ಕರೆಸಿ, ಮೀನನ್ನು ಮಂಜುಗಡ್ಡೆಯೊಳಗೆ ಹುದುಗಿಸಿ, ಊಟವನ್ನು ಹುಡುಕಿ ತೆಗೆಯುವಂತೆ ಮಾಡಿದರು. ಈಜು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಗಸ್ 2013ರಲ್ಲಿ ತೀರಿಕೊಂಡಿತು.

ಪೂರ್ತಿ ಯಾಕೆ ನಿಲ್ಲಲಿಲ್ಲ? ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನ ಇಟ್ಟು ಕೇಳಿ.

ಕರಡಿ ಆಡಿಸುವವರು ಊರಿಗೆ ಬರುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿದೆ. ಕಾಡಿನಿಂದ ಮರಿ ಹಿಡಿದು, ಮೂತಿಗೆ ಕಾದ ಸೂಜಿ ಚುಚ್ಚಿ, ಆ ತೂತಿಗೆ ಹಗ್ಗ ಪೋಣಿಸುತ್ತಿದ್ದರು. ನಮ್ಮ ಅರಸೀಕೆರೆ ಗುಡ್ಡಗಳಲ್ಲಿರುವ ಜಾತಿಯೇ ಅದು. ಕಾಡಲ್ಲಿ ಅದರ ದಿನವೆಲ್ಲ ಗೆದ್ದಲು ಹುಡುಕುವುದರಲ್ಲಿ ಹೋಗುತ್ತದೆ. ಹುತ್ತ ಒಡೆದು, ತುಟಿ ಮುಂದೆ ಚಾಚಿ ಜೋರಾಗಿ ಹೀರುತ್ತದೆ. ಆ ಹೀರುವಿಕೆಗೆ ದಾರಿಯಾಗಲೆಂದೇ ಮೇಲಿನ ಸಾಲಿನಲ್ಲಿ ಎರಡು ಮುಂಬಲ್ಲು ಇಲ್ಲ. ಕುಣಿಸುವ ಪದ್ಧತಿ ನಿಂತಿದೆ. ದೇಶದ ಕೊನೆಯ ಕುಣಿಯುವ ಕರಡಿ ಎನ್ನಲಾದ ರಾಜು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂತು. ಕರಡಿ ಆಡಿಸಿ ಬದುಕುತ್ತಿದ್ದ ಕುಟುಂಬಗಳಿಗೂ ಬೇರೆ ಕಸುಬಿಗೆ ನೆರವು ಸಿಕ್ಕಿತು, ಅದನ್ನು ಹೇಳದೆ ಬಿಡಬಾರದು.

ಹೀಗೆ ಬಿಡುಗಡೆಯಾದ ಕರಡಿಗೆ ಮರ ಇದೆ, ಮಣ್ಣಿದೆ, ಜೇನಿದೆ. ಆದರೂ ಒಮ್ಮೊಮ್ಮೆ ಊಟದ ಹೊತ್ತಿಗೋ, ಹೊಸ ಸದ್ದು ಕೇಳಿದಾಗಲೋ ನಿಂತಲ್ಲೇ ತೂಗತೊಡಗುತ್ತದೆ. ಹಗ್ಗ ಇಲ್ಲ, ಹಗ್ಗದ ಅಭ್ಯಾಸ ಉಳಿದಿದೆ. ಚಾಳಿ ಎಷ್ಟು ದಿನ ನಡೆಯುತ್ತದೋ ಅಷ್ಟು ಆಳಕ್ಕೆ ಇಳಿಯುತ್ತದೆ. ಶುರುವಿನಲ್ಲಿ ಅದಕ್ಕೊಂದು ಕಾರಣ ಇರುತ್ತದೆ. ಬರುಬರುತ್ತಾ ಸಣ್ಣ ಗಾಬರಿ, ಸಣ್ಣ ಕಾಯುವಿಕೆ ಸಾಕು, ತಾನಾಗಿ ಹೊರಡುತ್ತದೆ. ಚಿಕ್ಕ ವಯಸ್ಸಿನಲ್ಲಿ ತಾಯಿಯಿಂದ ಬೇರೆಯಾದ ಪ್ರಾಣಿಗಳಲ್ಲಿ ಇದು ಇನ್ನೂ ಗಟ್ಟಿ. ಅದಕ್ಕೇ ನಾನು ಕರುವಿನ ವಿಷಯವನ್ನು ಅಷ್ಟು ಹೊತ್ತು ಹೇಳಿದ್ದು.

ಈಗಷ್ಟೇ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ‘ಹಾಗಾದ್ರೆ ಬಾಯಿಗೆ ಕುಕ್ಕೆ ಕಟ್ಟಿ ತಡೆದ್ರೆ ಆಯ್ತಲ್ಲ?’ ಇಲ್ಲ. 1987ರಲ್ಲಿ ನೆದರ್ಲೆಂಡ್ಸ್‌ನ ವೀಪ್ಕೆಮಾ ಮತ್ತು ಜೊತೆಗಾರರು ಮಾಂಸಕ್ಕಾಗಿ ಗೂಡಿನಲ್ಲಿ ಸಾಕಿದ ಕರುಗಳನ್ನು ನೋಡಿದರು. ಕೆಲವು ನಾಲಿಗೆ ಸುತ್ತುತ್ತಿದ್ದವು, ಕೆಲವು ಸುಮ್ಮನೆ ಇದ್ದವು. ಕೊನೆಗೆ ಹೊಟ್ಟೆ ಪರೀಕ್ಷಿಸಿದಾಗ ನಾಲಿಗೆ ಸುತ್ತಿದ ಕರುಗಳ ಹೊಟ್ಟೆ ಚೆನ್ನಾಗಿತ್ತು, ಸುಮ್ಮನಿದ್ದವುಗಳ ಹೊಟ್ಟೆಯಲ್ಲಿ ಹುಣ್ಣುಗಳಿದ್ದವು. ಅರ್ಥ ಆಯ್ತಾ? ಆ ಚಾಳಿ ಅದರ ಕೈಲಾದ ಪರಿಹಾರ. ಮೂಲ ಕಾರಣ ಹಾಗೇ ಇಟ್ಟು ಚಾಳಿಯನ್ನು ಮಾತ್ರ ತಡೆದರೆ ಇದ್ದ ಒಂದು ದಾರಿಯನ್ನೂ ಮುಚ್ಚಿದಂತೆ. ಇನ್ನೊಂದು ಮಾತು, ಹತ್ತು ಹಸುಗಳಲ್ಲಿ ಒಂದು ನಾಲಿಗೆ ಸುತ್ತುತ್ತಿದ್ದರೆ ಉಳಿದ ಒಂಬತ್ತು ಸುಖವಾಗಿವೆ ಎಂದು ತಿಳಿಯಬೇಡಿ. ಕಿವಿ ಇಳಿಬಿಟ್ಟು, ಹೆಸರು ಹಿಡಿದು ಕರೆದರೂ ತಿರುಗದೆ ಇರುವ ಹಸುವೇ ನನಗೆ ಜಾಸ್ತಿ ಚಿಂತೆ.

ಆನೆಗೆ ವಾಪಸ್ ಬರೋಣ. ಕಾಡಿನ ಆನೆ ದಿನದ ಬಹುಪಾಲು ಹೊತ್ತು ಮೇವು ಹುಡುಕುತ್ತಾ ನಡೆಯುತ್ತದೆ, ಅದೂ ಅಕ್ಕ, ತಂಗಿ, ಅಜ್ಜಿ, ಮರಿಗಳ ಜೊತೆ. ಒಂಟಿಯಾಗಿ ಕಾಂಕ್ರೀಟ್ ಮೇಲೆ ಕಟ್ಟಿದ ಆನೆಗೆ ನಡಿಗೆಯೂ ಇಲ್ಲ, ಹುಡುಕಾಟವೂ ಇಲ್ಲ, ಬಳಗವೂ ಇಲ್ಲ. ಸಕಲೇಶಪುರ, ಆಲೂರು ಭಾಗದಲ್ಲಿ ಬೆಳೆ ತುಳಿಸಿಕೊಂಡವರು, ಮನೆಯವರನ್ನು ಕಳೆದುಕೊಂಡವರು ಈ ಸಭೆಯಲ್ಲಿ ಇರಬಹುದು. ಅವರ ಮುಂದೆ ಆನೆಯ ದುಃಖ ಹೇಳುವುದು ಸುಲಭವಲ್ಲ, ನನಗೆ ಗೊತ್ತು. ನಮ್ಮ ಕಡೆ ಹಿಡಿದ ಆನೆಗಳು ಕ್ರಾಲ್ ಎನ್ನುವ ಮರದ ದಿಮ್ಮಿಯ ದೊಡ್ಡ ಗೂಡಿನಲ್ಲಿ ಪಳಗಿ ಶಿಬಿರ ಸೇರಿವೆ. ಶಿಬಿರಗಳಲ್ಲಿ ನಾನು ಮೆಚ್ಚುವ ಒಂದು ಹಳೇ ರೂಢಿ ಇದೆ. ಸಂಜೆ ಆನೆಯನ್ನು ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಿಗ್ಗೆ ಮಾವುತ, ಅವನ ಸಹಾಯಕ ಕಾವಾಡಿ ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುತ್ತಾರೆ. ರಾತ್ರಿಯಿಡೀ ಅದು ಆರಿಸಿ ತಿನ್ನುತ್ತದೆ, ನಡೆಯುತ್ತದೆ, ಕಾಡಾನೆಗಳನ್ನೂ ಭೇಟಿ ಮಾಡುತ್ತದೆ. ಕಟ್ಟಿದಲ್ಲೇ ಬೆಲ್ಲ, ಬಾಳೆಹಣ್ಣು ತಿಂದು ದಪ್ಪಗಾದ ಆನೆಗೆ ಆ ರಾತ್ರಿ ಸಿಗುವುದಿಲ್ಲ.

ಇನ್ನು ಮನೆಯ ಪ್ರಾಣಿಗಳು. ಗಿಳಿ ಸಾಕುವವರಿಗೆ ಮೊದಲ ಮಾತು, ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರುದ್ಧ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ತಡೆಯುತ್ತದೆ. ಹೊರದೇಶದ ಗಿಳಿ ಎದೆಯ ಗರಿ ಕಿತ್ತುಕೊಂಡು ಬೋಳಾಗಿದ್ದರೆ ತಲೆ ನೋಡಿ. ತಲೆಯ ಗರಿ ಮಾತ್ರ ನೆಟ್ಟಗಿದ್ದರೆ ತಾನೇ ಕಿತ್ತುಕೊಳ್ಳುತ್ತಿದೆ ಎಂದು ಲೆಕ್ಕ, ಕೊಕ್ಕು ಅಲ್ಲಿಗೆ ಎಟಕುವುದಿಲ್ಲ. ಕೋಳಿ ಒಂದರ ಗರಿ ಇನ್ನೊಂದು ಕುಕ್ಕಿದರೆ ಕಾಳನ್ನು ಭತ್ತದ ಹೊಟ್ಟಿನ ಮೇಲೆ ಚೆಲ್ಲಿ, ಸೊಪ್ಪಿನ ಕಂತೆ ನೇತುಹಾಕಿ. ಕೆದಕುವ ಕೆಲಸ ಸಿಕ್ಕರೆ ಕೊಕ್ಕು ನೆಲಕ್ಕೆ ಹೋಗುತ್ತದೆ.

ತೋಟದ ನಾಯಿಗಳ ವಿಷಯ ಕಷ್ಟದ್ದು. ಕಾಫಿ ತೋಟದಲ್ಲಿ ರಾತ್ರಿ ನಾಯಿ ಹೊರಗಿದ್ದರೆ ಚಿರತೆ ಬಿಡುವುದಿಲ್ಲ. ಕಬ್ಬಿಣದ ಗೂಡಿನಲ್ಲಿ ಹಾಕುವುದು ಅದರ ಜೀವ ಉಳಿಸಲಿಕ್ಕೆ. ಅದನ್ನು ತಪ್ಪು ಎನ್ನಲಾರೆ. ಆದರೆ ಬೆಳಿಗ್ಗೆ ಗೂಡಿನಿಂದ ತೆಗೆದು ಸರಪಳಿಗೆ, ಸಂಜೆ ಸರಪಳಿಯಿಂದ ಮತ್ತೆ ಗೂಡಿಗೆ. ಆ ನಾಯಿ ಬಾಲ ಹಿಡಿಯಲು ಸುತ್ತುತ್ತದೆ, ಮುಂಗಾಲನ್ನು ಹುಣ್ಣಾಗುವಷ್ಟು ನೆಕ್ಕುತ್ತದೆ. ಹಗಲು ಒಂದು ಗಂಟೆ ಅದರ ಜೊತೆ ತೋಟ ಸುತ್ತಿ. ಹೇಗಿದ್ದರೂ ನೀವು ಸುತ್ತುತ್ತೀರಿ.

‘ಹಸು ಬಿಡೋಕೆ ನಮಗೆ ಜಾಗ ಎಲ್ಲಿದೆ ಸಾರ್’ ಎಂದು ಚಹಾ ಹೊತ್ತಿನಲ್ಲಿ ಒಬ್ಬ ತಾಯಿ ಕೇಳಿದರು. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ, ಹಿಂದೆ ಎರಡು ಹಸು. ಎಂಟು ಗಂಟೆ ಮೇಯಿಸಿ ಎಂದು ಅವರಿಗೆ ಹೇಳಿದರೆ ನನ್ನ ಮಾತಿಗೆ ಅರ್ಥವಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಸಿ ಮೇವನ್ನು ಚೂರು ಮಾಡಿಯೇ ಕೊಡಿ, ಪೋಲಾಗುವುದಿಲ್ಲ. ಆದರೆ ರಾತ್ರಿ ಒಂದು ಹೊರೆ ರಾಗಿ ಹುಲ್ಲನ್ನು ಕತ್ತರಿಸದೆ, ಉದ್ದಕ್ಕೆ, ಬಿಗಿಯಾಗಿ ಕಟ್ಟಿ ಇಡಿ. ನಾಲಿಗೆ ಹಾಕಿ ಎಳೆಎಳೆಯಾಗಿ ಬಿಡಿಸಿಕೊಳ್ಳಲಿ. ಮೂರು ಗಂಟೆ ಕೆಲಸ ಸಿಗುತ್ತದೆ. ಎರಡು ಹಸುವಿಗೆ ಸುತ್ತ ಪೈಪ್ ಬೇಲಿ ಹಾಕಿ ಹಗ್ಗವಿಲ್ಲದೆ ಬಿಡಲು ಆಗುತ್ತದಾ ನೋಡಿ. ಆಗದಿದ್ದರೆ ಮಲಗಿ ಹೊರಳಿ ತನ್ನ ಪಕ್ಕೆ ತಾನು ನೆಕ್ಕುವಷ್ಟಾದರೂ ಹಗ್ಗ ಉದ್ದ ಮಾಡಿ.

ಮತ್ತೆ ಒಂದು ಪೊರಕೆ. ಕೆನಡಾದಲ್ಲಿ ಹಸುಗಳ ಮುಂದೆ ಭಾರದ ಬಾಗಿಲಿಟ್ಟು ನೋಡಿದ್ದಾರೆ, 2018ರಲ್ಲಿ ಪ್ರಕಟವಾಯಿತು. ತಾಜಾ ಮೇವಿಗಾಗಿ ಎಷ್ಟು ಭಾರ ತಳ್ಳಿದವೋ, ಮೈ ಉಜ್ಜುವ ಬ್ರಷ್‌ಗಾಗಿಯೂ ಹೆಚ್ಚುಕಡಿಮೆ ಅಷ್ಟೇ ಭಾರ ತಳ್ಳಿದವು. ಆ ಬ್ರಷ್ ದುಬಾರಿ. ಹಾಗಾಗಿ ಆಲೂರಿನ ಆ ಅಜ್ಜಿಯ ಮೊಮ್ಮಗನಿಗೆ ನಾನು ಹೋದ ವರ್ಷ ರಸ್ತೆ ಗುಡಿಸುವ ಗಟ್ಟಿ ಪೊರಕೆ ಎರಡನ್ನು ಕಂಬಕ್ಕೆ, ಹಸುವಿನ ಕುತ್ತಿಗೆಯ ಎತ್ತರಕ್ಕೆ ಕಟ್ಟು ಎಂದಿದ್ದೆ. ಈಗ ಅವನದ್ದು ಬಿಡು ಕೊಟ್ಟಿಗೆ, ನಾಲ್ಕು ಹಸು. ಮೊನ್ನೆ ಫೋನ್ ಮಾಡಿದ್ದ. “ಪೊರಕೆ ಸವೆದೋಯ್ತು ಡಾಕ್ಟ್ರೇ, ಸರದಿ ನಿಲ್ತವೆ. ಈ ಸಲ ನಾಲ್ಕು ಕಟ್ಲಾ?”